ಬ್ಯಾಟರಿ ಇಲ್ಲದ ಸ್ವಿಚ್ಚು ಯಾವ ರಿಸೀವರಿಗೂ ಆಗ್ತದಾ?

ಉಡುಪಿಯಲ್ಲಿ ನನ್ನದು ಮನೆ ವೈರಿಂಗ್ ಮತ್ತು ರಿಮೋಟ್ ಕೂರಿಸುವ ಕೆಲಸ. ಈಚೆಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಅಣ್ಣಾ, ಬ್ಯಾಟರಿ ಬೇಡದ ವೈರ್‌ಲೆಸ್ ಸ್ವಿಚ್ ತರಿಸಿದ್ದೇನೆ. ಹಿಂದೆ 433 ಅಂತ ಬರೆದುಂಟು. ನಮ್ಮ ಪಂಪಿನ ರಿಮೋಟ್ ರಿಸೀವರ್ ಕೂಡ 433. ಎರಡೂ ಸೇರ್ತದಲ್ವಾ?"

433 ಅಂದರೆ 433 ಮೆಗಾಹರ್ಟ್ಸ್, ಅವು ಬಳಸುವ ರೇಡಿಯೋ ಫ್ರೀಕ್ವೆನ್ಸಿ. ಅದು ಒಂದೇ ಆದರೂ ಹೆಚ್ಚಿನ ಸಲ ಸೇರುವುದಿಲ್ಲ. ಯಾಕೆ ಅಂತ ಮೊದಲೇ ಗೊತ್ತಿದ್ದರೆ ದುಡ್ಡು ಉಳಿಯುತ್ತದೆ, ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ನಮ್ಮ ಕಡೆ ಈ ಸ್ವಿಚ್ಚು ಕೇಳುವವರ ಮನೆ ಹೆಚ್ಚಾಗಿ ಹಳೆಯದು. ದಪ್ಪ ಮುರಕಲ್ಲಿನ ಗೋಡೆ. ಅದನ್ನು ಕೊರೆದು ಹೊಸ ಪೈಪ್ ಹಾಕುವುದೆಂದರೆ ಮನೆಯಿಡೀ ಕೆಂಪು ಧೂಳು. ಬ್ಯಾಟರಿ ರಿಮೋಟ್ ಇಡೋಣ ಅಂದರೆ ಉಪ್ಪುಗಾಳಿಗೆ ಅದರ ಸ್ಪ್ರಿಂಗು ಹಸಿರು ಕಿಲುಬು ಹಿಡಿಯುತ್ತದೆ. ಹಾಗಾಗಿ ಬ್ಯಾಟರಿಯೇ ಇಲ್ಲದ ಸ್ವಿಚ್ಚು ನನಗೂ ತುಂಬಾ ಇಷ್ಟದ ವಸ್ತು.

ಕಾಪುವಿನಲ್ಲಿ ನನ್ನ ದೊಡ್ಡಮ್ಮನ ಮನೆಗೆ ಒಂದನ್ನು ತೆಗೆದುಕೊಂಡು ಹೋಗಿದ್ದೆ. ಅವರ ಮಂಚ ಒಂದು ಮೂಲೆಯಲ್ಲಿ, ಲೈಟಿನ ಸ್ವಿಚ್ಚು ಬಾಗಿಲ ಬಳಿ. ರಾತ್ರಿ ಎದ್ದರೆ ಕತ್ತಲಲ್ಲಿ ಗೋಡೆ ಸವರಿಕೊಂಡು ನಡೆಯಬೇಕು. ನನ್ನ ಹತ್ತಿರ ಉಳಿದಿದ್ದ ಲರ್ನಿಂಗ್ ರಿಸೀವರನ್ನು, ಅಂದರೆ ರಿಮೋಟಿನ ಕೋಡ್ ಕೇಳಿ ನೆನಪಿಟ್ಟುಕೊಳ್ಳುವಂಥದ್ದನ್ನು, ಲೈಟಿಗೆ ಸೇರಿಸಿದೆ. ರಿಸೀವರಿನ ಬಟನ್ ಒತ್ತಿದೆ, ಕೆಂಪು ದೀಪ ಬಂತು. ಸ್ವಿಚ್ಚು ಒತ್ತಿದೆ. ಏನೂ ಇಲ್ಲ. ಇಪ್ಪತ್ತು ಸಲ ಒತ್ತಿದರೂ ಇಲ್ಲ. ಪಂಪಿನ ರಿಮೋಟ್ ತಂದು ಒತ್ತಿದರೆ ಒಂದೇ ಸಲಕ್ಕೆ ಕಲಿತುಕೊಂಡಿತು. "ಎಂತ ಮಗಾ, ಹೊಸತು ಹಾಳಾಗಿದೆಯಾ?" ಅಂದರು ದೊಡ್ಡಮ್ಮ. ಹಾಳಾಗಿರಲಿಲ್ಲ.

ಸ್ವಿಚ್ಚನ್ನು ಬಿಚ್ಚಿದರೆ ಒಳಗೆ ತಾಮ್ರದ ಸುರುಳಿ, ಒಂದು ಸಣ್ಣ ಅಯಸ್ಕಾಂತ, ಒಂದು ಸ್ಪ್ರಿಂಗ್ ಪಟ್ಟಿ, ಚಿಕ್ಕ ಬೋರ್ಡು, ಅಷ್ಟೇ. ಒತ್ತಿದಾಗ ಅಯಸ್ಕಾಂತ ಟಕ್ ಅಂತ ಜಾಗ ಬದಲಿಸುತ್ತದೆ, ಸುರುಳಿಯಲ್ಲಿ ಕರೆಂಟ್ ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡುಹಿಡಿದದ್ದು ಇದನ್ನೇ. ಸ್ಪ್ರಿಂಗ್ ಇರುವುದರಿಂದ ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಸಿಗುವ ಶಕ್ತಿ ಹೆಚ್ಚುಕಡಿಮೆ ಒಂದೇ.

ಆ ಶಕ್ತಿ ಎಷ್ಟು? ಒಳ್ಳೆಯ ಜನರೇಟರಿನಲ್ಲಿ ಸುಮಾರು 200 ಮೈಕ್ರೋಜೂಲ್. ಒಂದು ಬಟನ್ ಸೆಲ್ಲಿನಲ್ಲಿ ಇಂಥ ಒಂದು ಕೋಟಿಗೂ ಜಾಸ್ತಿ ಒತ್ತುಗಳಷ್ಟು ಶಕ್ತಿ ಇರುತ್ತದೆ. ರೇಡಿಯೋ ಚಿಪ್ ಸಿಗ್ನಲ್ ಕಳಿಸುವಾಗ 30 ಮಿಲಿವಾಟ್ ಎಳೆಯುತ್ತದೆ ಅಂತ ಇಟ್ಟುಕೊಳ್ಳಿ. 200 ಮೈಕ್ರೋಜೂಲ್ ಆರೇಳು ಮಿಲಿಸೆಕೆಂಡಿಗೆ ಖಾಲಿ. ಹೇಳಬೇಕಾದ್ದನ್ನೆಲ್ಲ ಅಷ್ಟರೊಳಗೆ ಹೇಳಿ ಮುಗಿಸಬೇಕು.

ಈಗ ಪಂಪಿನ ರಿಮೋಟ್ ನೋಡಿ. ಅದರಲ್ಲಿ ಸಾಮಾನ್ಯವಾಗಿ ಇರುವುದು ಇವಿ1527 ಜಾತಿಯ ಚಿಪ್. 24 ಬಿಟ್‌ನ ಕೋಡ್, ಒಂದು ಸಲ ಕಳಿಸಲು ಸುಮಾರು 45 ಮಿಲಿಸೆಕೆಂಡ್. ಬೆರಳು ತೆಗೆಯುವವರೆಗೆ ಅದನ್ನೇ ಮತ್ತೆ ಮತ್ತೆ ಕಳಿಸುತ್ತದೆ. ಅದರ ರಿಸೀವರ್ ಕೂಡ ಒಂದು ಸಲ ಕೇಳಿ ನಂಬುವುದಿಲ್ಲ, ಅದೇ ಕೋಡ್ ಇನ್ನೊಮ್ಮೆ ಬರಲಿ ಅಂತ ಕಾಯುತ್ತದೆ. ನಮ್ಮ ಸ್ವಿಚ್ಚಿಗೆ ಒಂದು ಕೋಡ್ ಪೂರ್ತಿ ಕಳಿಸುವಷ್ಟೂ ಉಸಿರಿಲ್ಲ.

ಅಷ್ಟೇ ಅಲ್ಲ. ನಮ್ಮ ಬಸ್ಸಿನ ಕಂಡಕ್ಟರ್ ಸೀಟಿ ಊದುವುದು ಗೊತ್ತುಂಟಲ್ಲ? ಒಂದು ಊದಿದರೆ ನಿಲ್ಲು, ಎರಡು ಊದಿದರೆ ಹೋಗು. ಡ್ರೈವರ್ ಲೆಕ್ಕ ಹಾಕುವುದು ಸೀಟಿ ಮತ್ತು ನಡುವಿನ ಮೌನವನ್ನು. ಅಗ್ಗದ ರಿಮೋಟಿನ ಭಾಷೆ ಅದೇ: ಸಿಗ್ನಲ್ ಇದೆ, ಇಲ್ಲ, ಇದೆ, ಇಲ್ಲ. ಇದಕ್ಕೆ ಓಓಕೆ ಅಥವಾ ಎಎಸ್‌ಕೆ ಅನ್ನುತ್ತಾರೆ. ಬ್ಯಾಟರಿ ಇಲ್ಲದ ಬಹಳಷ್ಟು 433 ಸ್ವಿಚ್ಚುಗಳ ಭಾಷೆ ಎಫ್‌ಎಸ್‌ಕೆ. ಅಲ್ಲಿ ಸೀಟಿ ನಿಲ್ಲುವುದೇ ಇಲ್ಲ, ಸ್ವರ ಮಾತ್ರ ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ಹೋಗುತ್ತಿರುತ್ತದೆ. ಮೌನವನ್ನು ಎಣಿಸುವ ಡ್ರೈವರಿಗೆ ಅದು ಒಂದೇ ಉದ್ದದ ಸೀಟಿ. ಅವನು ಏನು ಮಾಡಬೇಕು?

ಮನೆಗೆ ಬಂದು ಲ್ಯಾಪ್‌ಟಾಪಿಗೆ ಎಸ್‌ಡಿಆರ್ ಡಾಂಗಲ್ (ರೇಡಿಯೋ ಸಿಗ್ನಲನ್ನು ಪರದೆಯ ಮೇಲೆ ತೋರಿಸಲು ಬಳಸುವ ಸಣ್ಣ ಸಾಧನ) ಚುಚ್ಚಿ ನೋಡಿದೆ. ಪಂಪಿನ ರಿಮೋಟ್ ಒತ್ತಿದರೆ ಪರದೆಯ ಮೇಲೆ ಒಂದೇ ಗೆರೆ, ತುಂಡು ತುಂಡಾಗಿ ಇಳಿಯಿತು. ಸ್ವಿಚ್ಚು ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಚುಕ್ಕೆ. ದೊಡ್ಡದು ಮಾಡಿ ನೋಡಿದಾಗ ಅದರಲ್ಲಿ ಪಕ್ಕ ಪಕ್ಕ ಎರಡು ಗುಡ್ಡೆ ಕಂಡವು, ಅಂದರೆ ಎರಡು ಸ್ವರ. ಆರ್‌ಟಿಎಲ್ 433 ಅನ್ನುವ ಉಚಿತ ಪ್ರೋಗ್ರಾಮ್ ಕೂಡ ಎಫ್‌ಎಸ್‌ಕೆ ಅಂತಲೇ ಹೇಳಿತು. ಆ ರಾತ್ರಿ ನನಗೆ ನಿಜವಾಗಿ ಖುಷಿಯಾಯಿತು. ಬೆರಳಿನ ಒಂದು ಒತ್ತು ರೇಡಿಯೋ ಆಗಿ ಹೊರಟದ್ದನ್ನು ಕಣ್ಣಾರೆ ನೋಡಿದ ಹಾಗಾಯಿತು.

"ಹಾಗಾದರೆ ಎಫ್‌ಎಸ್‌ಕೆ ರಿಸೀವರ್ ಹಾಕಿದರೆ ಆಯ್ತಲ್ಲ?" ಅಂತ ಮುಂದಿನ ಪ್ರಶ್ನೆ ಬರುತ್ತದೆ. ಸಿಸಿ1101 ಚಿಪ್ ಇರುವ ಮಾಡ್ಯೂಲ್ ಎರಡೂ ಭಾಷೆ ಕೇಳಬಲ್ಲದು. ಆದರೆ ಬಿಟ್‌ಗಳ ವೇಗ ಎಷ್ಟು, ಎರಡು ಸ್ವರಗಳ ಅಂತರ ಎಷ್ಟು, ಕೋಡಿನ ಶುರುವಿನ ಗುರುತು ಯಾವುದು ಅಂತ ನಾವೇ ಅದಕ್ಕೆ ಹೇಳಿಕೊಡಬೇಕು. ಕಲಿಯುವ ಆಸೆ ಇರುವ ಹುಡುಗರು ಖಂಡಿತ ಮಾಡಿ. ದೊಡ್ಡಮ್ಮನ ಕೋಣೆಗೆ ನಾನು ಅದನ್ನು ಹಾಕುವುದಿಲ್ಲ.

ಒಂದು ಕಂಪನಿಯ ಸ್ವಿಚ್ಚು ಇನ್ನೊಂದು ಕಂಪನಿಯ ರಿಸೀವರಿಗೆ ಸೇರಲೇಬೇಕು ಅನ್ನುವವರಿಗೆ ಎನ್‌ಓಶನ್ ಪದ್ಧತಿ ಉಂಟು. ಅದು 2001ರಲ್ಲಿ ಸೀಮೆನ್ಸ್‌ನಿಂದ ಬೇರೆಯಾಗಿ ಶುರುವಾದ ಜರ್ಮನಿಯ ಕಂಪನಿಯದು. ಆ ರೇಡಿಯೋ ಪದ್ಧತಿಗೆ 2012ರಲ್ಲಿ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಬಂತು, ಹಾಗಾಗಿ ಬೇರೆ ಬೇರೆ ಕಂಪನಿಗಳ ಸಾಮಾನು ಒಂದಕ್ಕೊಂದು ಸೇರುತ್ತದೆ. ಅದರ ಯುರೋಪಿನ ಸ್ವಿಚ್ಚು 868.3 ಮೆಗಾಹರ್ಟ್ಸ್‌ನಲ್ಲಿ ಎಎಸ್‌ಕೆಯಲ್ಲೇ ಮಾತಾಡುತ್ತದೆ, ಆದರೆ ಸೆಕೆಂಡಿಗೆ 1,25,000 ಬಿಟ್ ವೇಗದಲ್ಲಿ. ಪಂಪಿನ ರಿಮೋಟಿನದು ಏಳುನೂರರ ಆಸುಪಾಸು. ಭಾಷೆ ಒಂದೇ ಆದರೂ ಅಗ್ಗದ ರಿಸೀವರಿಗೆ ಅದು ಅರ್ಥವಾಗುವುದಿಲ್ಲ. ಇನ್ನೊಂದು ವಿಷಯ: ಇದರ ಆಸುಪಾಸಿನಲ್ಲಿ ನಮ್ಮ ದೇಶದಲ್ಲಿ ಲೈಸೆನ್ಸ್ ಬೇಡದ ಫ್ರೀಕ್ವೆನ್ಸಿ 865ರಿಂದ 868 ಮೆಗಾಹರ್ಟ್ಸ್‌ವರೆಗೆ. 868.3 ಅದರ ಹೊರಗೆ ಬೀಳುತ್ತದೆ. ಹಾಗಾಗಿ ವಿದೇಶದಿಂದ ಬರುವ ನೆಂಟರ ಕೈಯಲ್ಲಿ ಅದನ್ನು ತರಿಸಬೇಡಿ. ಜಿಗ್ಬಿ ಅನ್ನುವುದು ಸ್ಮಾರ್ಟ್ ಲೈಟು, ಸ್ವಿಚ್ಚುಗಳ ಇನ್ನೊಂದು ವೈರ್‌ಲೆಸ್ ಪದ್ಧತಿ, ಅದರಲ್ಲಿ ಬ್ಯಾಟರಿ ಇಲ್ಲದ ಸಾಮಾನಿಗೆ ಇರುವ ಭಾಗ ಗ್ರೀನ್ ಪವರ್. 2.4 ಗಿಗಾಹರ್ಟ್ಸ್‌ನ ಜಿಗ್ಬಿ ಗ್ರೀನ್ ಪವರ್ ಸ್ವಿಚ್ಚು ಆಗಬಹುದು, ಆದರೆ ನಿಮ್ಮ ಹಬ್ (ಇವನ್ನೆಲ್ಲ ಸೇರಿಸುವ ಪೆಟ್ಟಿಗೆ) ಗ್ರೀನ್ ಪವರ್ ಅನ್ನು ಒಪ್ಪುತ್ತದಾ ಅಂತ ಕೇಳಿಯೇ ತೆಗೆದುಕೊಳ್ಳಿ. ಬರೀ ಜಿಗ್ಬಿ ಅಂದರೆ ಸಾಲದು.

ಉಳಿದವರಿಗೆಲ್ಲ ನಾನು ಹೇಳುವುದು ಒಂದೇ. ಸ್ವಿಚ್ಚು, ರಿಸೀವರ್ ಎರಡನ್ನೂ ಜೋಡಿಯಾಗಿಯೇ ತೆಗೆದುಕೊಳ್ಳಿ. ಕೋಡ್ ಸೇರಿದರೂ ಇನ್ನೊಂದು ತೊಂದರೆ ಉಂಟು: ಒತ್ತಿದಾಗಲೂ ಬಿಟ್ಟಾಗಲೂ ಅಯಸ್ಕಾಂತ ಚಲಿಸುತ್ತದೆ, ಎರಡು ಸಲ ಸಿಗ್ನಲ್ ಹೋಗಬಹುದು. ಇದನ್ನು ತಿಳಿಯದ ರಿಸೀವರ್ ಒತ್ತಿದಾಗ ಲೈಟ್ ಹಾಕಿ, ಬಿಟ್ಟಾಗ ಆರಿಸಿಬಿಡುತ್ತದೆ. ಜೊತೆಗೇ ಬರುವ ರಿಸೀವರಿಗೆ ಇದು ಗೊತ್ತಿರುತ್ತದೆ.

ರಿಸೀವರಿಗೆ ಫೇಸ್, ನ್ಯೂಟ್ರಲ್ ಎರಡೂ ಬೇಕು. ಹಳೆ ಸ್ವಿಚ್ ಬೋರ್ಡಿಗೆ ಎಷ್ಟೋ ಮನೆಗಳಲ್ಲಿ ನ್ಯೂಟ್ರಲ್ ಬಂದಿರುವುದಿಲ್ಲ. ಕಾಪುವಿನಲ್ಲೂ ಬಂದಿರಲಿಲ್ಲ. ಜೋಡಿ ಸೆಟ್ಟು ಬಂದ ಮೇಲೆ ರಿಸೀವರನ್ನು ಬೋರ್ಡಿನಲ್ಲಿ ಇಡದೆ ಮೇಲೆ ಲೈಟ್ ಪಾಯಿಂಟಿನ ಹತ್ತಿರ ಕೂರಿಸಿದೆ. ಬಾಗಿಲ ಬಳಿಯ ಹಳೆ ಸ್ವಿಚ್ಚು ಆನ್‌ನಲ್ಲೇ ಇರಬೇಕು, ಅದಕ್ಕೆ ಅದರ ಮೇಲೊಂದು ಟೇಪ್ ಅಂಟಿಸಿದೆ. ಹೊಸ ಸ್ವಿಚ್ಚು ಈಗ ಮಂಚದ ತಲೆಯ ಬಳಿ, ದೊಡ್ಡಮ್ಮನ ಕೈಗೆ ಸಿಗುವಲ್ಲಿ ಉಂಟು.