ಆಗುಂಬೆಯಿಂದ ಚಳ್ಳಕೆರೆಗೆ: ಉದುರಿದ ಎಲೆಗಳ ದಿನಚರಿ

ಜೂನ್, ಮೂರನೆಯ ವಾರ

ಎರಡು ವರ್ಷದಿಂದ ಮನಸ್ಸಿನಲ್ಲೇ ಇದ್ದ ಕೆಲಸಕ್ಕೆ ಕೊನೆಗೂ ಕೈ ಹಾಕಿದೆ. ಆಗುಂಬೆ, ನನ್ನೂರು ಶಿವಮೊಗ್ಗ, ಚಳ್ಳಕೆರೆ. ಮೂರೂ ಕಡೆ ಹತ್ತು ಮೀಟರ್ ಉದ್ದಗಲದ ಒಂದೊಂದು ಚೌಕ ಗುರುತಿಸಿ, ಅದರೊಳಗಿನ ಮರಗಳ ಪಟ್ಟಿ ಮಾಡಬೇಕು. ಪ್ರತಿ ಮರದಡಿಯಿಂದ ಉದುರಿದ ಎಲೆಯೊಂದನ್ನು ಹೆಕ್ಕಿ ತಂದು ಅಳೆಯಬೇಕು. ಕಾಯ್ದಿಟ್ಟ ಅರಣ್ಯಕ್ಕೆ ಕಾಲಿಡುವುದಿಲ್ಲವೆಂದು ಮೊದಲೇ ನಿರ್ಧರಿಸಿದ್ದರಿಂದ ಮೂರು ಚೌಕಗಳೂ ಪರಿಚಯದವರ ಸ್ವಂತ ಜಮೀನಿನಲ್ಲೇ ಇವೆ.

ಈ ಊರುಗಳನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಆಗುಂಬೆಯೂ ಚಳ್ಳಕೆರೆಯೂ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 600 ಮೀಟರ್ ಎತ್ತರದಲ್ಲಿವೆ. ಸರಾಸರಿ ಉಷ್ಣತೆಯ ಅಂತರವೂ ಬಹಳವಿಲ್ಲ. ಆದರೆ ಆಗುಂಬೆಯ ವಾರ್ಷಿಕ ಮಳೆ 7,000 ಮಿ.ಮೀ. ಆಸುಪಾಸು, ಚಳ್ಳಕೆರೆಯದು 500ಕ್ಕೂ ಕಡಿಮೆ. ಅರಬ್ಬೀ ಸಮುದ್ರದಿಂದ ಬರುವ ಮುಂಗಾರು ಗಾಳಿ ಘಟ್ಟ ಹತ್ತುತ್ತ ತಣ್ಣಗಾಗಿ ಹೊತ್ತು ತಂದ ನೀರನ್ನು ಅಲ್ಲೇ ಸುರಿಸುತ್ತದೆ. ಪೂರ್ವಕ್ಕೆ ಇಳಿಯುವಾಗ ಉಳಿಯುವುದು ಒಣ ಗಾಳಿ. ಅಮೆರಿಕದ ಪರಿಸರ ವಿಜ್ಞಾನಿ ರಾಬರ್ಟ್ ವಿಟೇಕರ್ ಭೂಮಿಯ ಬಯೋಮ್‌ಗಳನ್ನೆಲ್ಲ (ಮಳೆಕಾಡು, ಹುಲ್ಲುಗಾವಲು, ಮರುಭೂಮಿಯಂಥ ದೊಡ್ಡ ಜೀವವಲಯಗಳನ್ನು) ಎರಡೇ ಅಳತೆಗಳ ಮೇಲೆ, ಅಂದರೆ ವರ್ಷದ ಸರಾಸರಿ ಉಷ್ಣತೆ ಮತ್ತು ಒಟ್ಟು ಮಳೆಯ ಮೇಲೆ, ಒಂದು ನಕ್ಷೆಯಲ್ಲಿ ಜೋಡಿಸಿದರು. ನನ್ನ ದಾರಿಯಲ್ಲಿ ಉಷ್ಣತೆಯ ಗೆರೆ ಹೆಚ್ಚು ಕದಲುವುದಿಲ್ಲ, ಮಳೆಯ ಗೆರೆ ಮಾತ್ರ ಜಾರುತ್ತ ಹೋಗುತ್ತದೆ. ಮಳೆಕಾಡು, ಎಲೆ ಉದುರಿಸುವ ಕಾಡು, ಕುರುಚಲು ಕಾಡು ಮೂರನ್ನೂ ಒಂದೇ ದಿನದ ಬಸ್ ಪ್ರಯಾಣದಲ್ಲಿ ನೋಡಬಹುದು. ಇಂಥ ಅನುಕೂಲ ಎಷ್ಟು ಜನಕ್ಕಿದೆ!

ಆಗುಂಬೆಯ ಚೌಕ ಗೆಳೆಯನ ಅಡಿಕೆ ತೋಟದ ಹಿಂದಿದೆ. ಇಂಬಳಗಳ ಕಾಟದಲ್ಲಿ ಪಟ್ಟಿ ಮುಗಿಸುವ ಹೊತ್ತಿಗೆ ಮಧ್ಯಾಹ್ನವಾಯಿತು. ರಾಂಪತ್ರೆ, ಉಪ್ಪಗೆ, ಹೆಬ್ಬಲಸು, ನೇರಳೆ ಎಲ್ಲ ಸೇರಿ ಹದಿನಾಲ್ಕು ಪ್ರಭೇದ. ಅದರಲ್ಲಿ ಒಂಬತ್ತು ಒಂದೊಂದೇ ಮರ. ಹೆಕ್ಕಿದ ಎಲೆಗಳಲ್ಲಿ ಹೆಚ್ಚಿನವುಗಳ ತುದಿ ಚೂಪಾಗಿ ಮುಂದಕ್ಕೆ ಚಾಚಿತ್ತು. ಅರಳಿ ಎಲೆಯ ಬಾಲ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಒಂದನ್ನು ಸೂರಿನ ಹನಿಗೆ ಹಿಡಿದೆ. ನೀರು ನಡುನರದ ಗುಂಟ ಓಡಿ ತುದಿಯಿಂದ ತೊಟ್ಟಿಕ್ಕಿತು, ಎಲೆಯ ಮೇಲೆ ನಿಲ್ಲಲೇ ಇಲ್ಲ.

ಆಗಸ್ಟ್

ಚಳ್ಳಕೆರೆಯಲ್ಲಿ ಸೋದರಮಾವನ ಹೊಲದ ಪಕ್ಕದ ಬೀಳು. "ಇಲ್ಲಿ ಏನಿದೆ ಎಂದು ಬಂದೆಯಪ್ಪಾ, ಬರೀ ಜಾಲಿ" ಎಂದರು ಮಾವ. ನಾನೂ ಹಾಗೆಯೇ ಬರೆದುಕೊಂಡೆ: ಜಾಲಿ, ಬೇವು, ಮುತ್ತುಗ. ಮೂರು ಪ್ರಭೇದ.

ಸಂಜೆ ಕುರಿ ಕಾಯುವ ಅಜ್ಜ ಆ ಪಟ್ಟಿಯನ್ನು ತಿದ್ದಿದರು. ಒಂದರ ಕಾಯಿ ಮಣಿಸರದ ಹಾಗೆ, ಬೀಜ ಬೀಜಕ್ಕೂ ನಡು ಸಣ್ಣಗಾಗಿದೆ. ಹೂವು ಹಳದಿ ಉಂಡೆ. ಅದು ಕರಿಜಾಲಿ. ಇನ್ನೊಂದರ ತೊಗಟೆ ಬೆಳ್ಳಗೆ, ಅದು ಬಿಳಿಜಾಲಿ. ಮೂರನೆಯದರ ಹೂವು ಉಂಡೆಯಲ್ಲ, ಉದ್ದನೆಯ ತೆನೆ. ಕಾಯಿ ಮಾಸಲು ಹಳದಿ, ತಿಂದರೆ ಸಿಹಿ. ಅದು ಬಳ್ಳಾರಿ ಜಾಲಿ. ಮೊದಲೆರಡು ಒಂದೇ ಕುಲಕ್ಕೆ ಸೇರಿದ ನಮ್ಮ ನೆಲದ ಮರಗಳು. ಮೂರನೆಯದು ಅಮೆರಿಕ ಖಂಡದಿಂದ ಬಂದದ್ದು, ಕುಲವೇ ಬೇರೆ. ದನಕುರಿಗಳು ಕಾಯಿ ತಿಂದು, ಬೀಜ ಗೊಬ್ಬರದಲ್ಲಿ ಬಿದ್ದು, ಕಂಡಕಂಡಲ್ಲಿ ಹಬ್ಬಿದೆ. ತಮ್ಮತಮ್ಮಲ್ಲೇ ಕೂಡಿ ಸಂತಾನ ಬೆಳೆಸುವ, ಬೇರೆ ಗುಂಪಿನೊಡನೆ ಹಾಗೆ ಬೆರೆಯದ ಜೀವಿಗಳ ಗುಂಪೇ ಪ್ರಭೇದ ಎಂದು ಜೀವವಿಜ್ಞಾನಿ ಅರ್ನ್ಸ್ಟ್ ಮೇಯರ್ 1942ರಲ್ಲಿ ಬರೆದದ್ದನ್ನು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ. ಬೀಳಿನಲ್ಲಿ ನಿಂತಾಗ ಅದಕ್ಕಿಂತ ಅಜ್ಜನ ಕಣ್ಣು ಉಪಯೋಗಕ್ಕೆ ಬಂತು.

ಪಟ್ಟಿ ಐದಕ್ಕೇರಿತು. ಆಗುಂಬೆಯ ಹದಿನಾಲ್ಕರ ಮುಂದೆ ಐದು. ಒಂದೇ ಒಂದು ಹೆಸರೂ ಎರಡು ಕಡೆ ಸಮವಿಲ್ಲ. ಒಂದು ಜಾಗದೊಳಗಿನ ವೈವಿಧ್ಯವನ್ನು ಆಲ್ಫಾ ಎಂದೂ, ಜಾಗದಿಂದ ಜಾಗಕ್ಕೆ ಪಟ್ಟಿ ಬದಲಾಗುವುದನ್ನು ಬೀಟಾ ಎಂದೂ 1960ರಲ್ಲಿ ಬೇರ್ಪಡಿಸಿ ಹೇಳಿದವರೂ ವಿಟೇಕರ್ ಅವರೇ. ಹದಿನಾಲ್ಕು ದೊಡ್ಡದು, ಐದು ಚಿಕ್ಕದು ಎನ್ನುವುದಷ್ಟೇ ನೋಡಿದರೆ ಈ ಎರಡನೆಯ ಮಾತು ಕಣ್ತಪ್ಪಿ ಹೋಗುತ್ತದೆ.

ಅಕ್ಟೋಬರ್

ಮತ್ತೆ ಚಳ್ಳಕೆರೆ. ಈ ಸೀಮೆಗೆ ಮಳೆ ಜೋರಾಗಿ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಗಸ್ಟ್‌ನಲ್ಲಿ ಮಣ್ಣು ಕಾಣುತ್ತಿದ್ದ ಜಾಗ ಈಗ ಹಸಿರು. ಅದೇ ಚೌಕದೊಳಗೆ ನಾಲ್ಕು ಗೂಟ ನೆಟ್ಟು, ಹುರಿ ಕಟ್ಟಿ, ಒಂದು ಮೀಟರ್ ಉದ್ದಗಲದಲ್ಲಿ ಗಿಡ ಹುಲ್ಲುಗಳನ್ನೆಲ್ಲ ಎಣಿಸಿದೆ. ವಿಷ್ಣುಕ್ರಾಂತಿ, ನೆಗ್ಗಿಲು, ತುಂಬೆ, ಉತ್ತರಾಣಿ, ಗರಿಕೆ... ಹೆಸರು ತಿಳಿದವು, ತಿಳಿಯದವು ಸೇರಿ ಹತ್ತೊಂಬತ್ತು ಬಗೆ. ಒಂದೇ ಮೀಟರ್‌ನಲ್ಲಿ!

ಅವುಗಳಲ್ಲಿ ಬಟ್ಟೆಗೆ ಚುಚ್ಚಿಕೊಳ್ಳುವ ಊಬಿನ ಹುಲ್ಲೂ ಇತ್ತು. ಮಾವ ಒಂದು ಬೀಜ ಕಿತ್ತು ನನ್ನ ಅಂಗೈ ಮೇಲಿಟ್ಟು ಹನಿ ನೀರು ಹಾಕಿದರು. ಹುರಿಗೊಂಡಿದ್ದ ಕರಿಯ ಊಬು ಮೆಲ್ಲಗೆ ಬಿಚ್ಚಿಕೊಳ್ಳುತ್ತ ತಿರುಗತೊಡಗಿತು, ಗಡಿಯಾರದ ಮುಳ್ಳಿನಂತೆ. ಒಣಗಿದಾಗ ಹುರಿಯಾಗಿ, ನೆನೆದಾಗ ಬಿಚ್ಚಿ, ಹೀಗೆ ತಿರುಗಿ ತಿರುಗಿಯೇ ಬೀಜ ನೆಲದೊಳಗೆ ಕೊರೆದುಕೊಂಡು ಇಳಿಯುತ್ತದೆ. ಆ ಸಂಜೆಯೆಲ್ಲ ನಾನು ಬೇರೇನನ್ನೂ ಯೋಚಿಸಲಿಲ್ಲ.

ಮರ ಎಣಿಸಿದ್ದರಿಂದಲೇ ಈ ನೆಲ ನನಗೆ ಬಡವಾಗಿ ಕಂಡಿತ್ತು. ಹುಲ್ಲುಗಾವಲಿನ ಸಂಪತ್ತು ಮೊಣಕಾಲಿನಿಂದ ಕೆಳಗಿದೆ. ಇಂಥ ಕಾವಲುಗಳನ್ನು ಕಡತದಲ್ಲಿ ಬಂಜರು ಎಂದು ಬರೆದು ಸಸಿ ನೆಡಲು ಹೊರಡುವುದು ನನಗೆ ಈಗ ನೋವಿನ ಸಂಗತಿ. ಕೃಷ್ಣಮೃಗ ಬದುಕಿರುವುದು ಇಂಥ ಬಯಲನ್ನು ನಂಬಿ.

ಮಳೆಮಾಪಕದ ವಿಷಯ ಚುಟುಕಾಗಿ: ಬಾಟಲಿ ಕತ್ತರಿಸಿ ಮೂರೂ ಕಡೆ ಇಟ್ಟಿದ್ದೇನೆ, ನಿತ್ಯದ ಅಳತೆ ಬರುತ್ತಿದೆ. ಅದು ಹೇಳುವುದು ಈ ವರ್ಷದ ಹವಾಮಾನವನ್ನು ಮಾತ್ರ. ವಾಯುಗುಣ ಎನ್ನಬೇಕಾದರೆ ವಾಡಿಕೆಯಲ್ಲಿ 30 ವರ್ಷಗಳ ಸರಾಸರಿ ಬೇಕು. ಪತ್ರಿಕೆಗಳಲ್ಲಿ ಎರಡಕ್ಕೂ ಹವಾಮಾನವೆಂದೇ ಬರೆಯುತ್ತಾರೆ. ವಾಯುಗುಣ ಎಂಬ ಒಳ್ಳೆಯ ಪದವಿದ್ದೂ ಬಳಸುವುದಿಲ್ಲ.

ಫೆಬ್ರವರಿ

ಶಿವಮೊಗ್ಗದ ಚೌಕದಲ್ಲಿ ನನ್ನ ಊಹೆ ಮುರಿದುಬಿತ್ತು. ಮಳೆ ಕಡಿಮೆಯಾದಂತೆ ಎಲೆ ಚಿಕ್ಕದಾಗುತ್ತ ಹೋಗಬೇಕೆಂದು ಎಣಿಸಿದ್ದೆ. ಆಗುಂಬೆಯ ಎಲೆಗಳು ಹೆಚ್ಚಿನವು ನನ್ನ ಅಂಗೈಯಷ್ಟು. ಕರಿಜಾಲಿಯ ಕಿರುಎಲೆ ಕೆಲವೇ ಮಿಲಿಮೀಟರ್. ನಡುವಿನ ಶಿವಮೊಗ್ಗದಲ್ಲಿ ತೇಗದ ಎಲೆ 46 ಸೆಂಟಿಮೀಟರ್!

ಒಂದು ವಾರ ಇದರಲ್ಲೇ ಮುಳುಗಿದ್ದೆ. ಬಿಸಿಲಿಗೆ ದೊಡ್ಡ ಎಲೆ ಹೆಚ್ಚು ಕಾಯುತ್ತದೆ, ತಣ್ಣಗಾಗಲು ನೀರು ಬೇಕು. ಚಿಕ್ಕ ಎಲೆಯ ಬಿಸಿಯನ್ನು ಗಾಳಿಯೇ ಒಯ್ಯುತ್ತದೆ. ಇದರಲ್ಲಿ ತಪ್ಪಿಲ್ಲ. ಆದರೆ ತೇಗ ಬಿರುಬೇಸಿಗೆಯಲ್ಲಿ ಎಲೆಯನ್ನೇ ಇಟ್ಟುಕೊಳ್ಳುವುದಿಲ್ಲ. ಮಳೆಗಾಲದಲ್ಲಿ ದೊಡ್ಡ ಎಲೆ ಹರಡಿ ದುಡಿದು, ನೀರು ಬತ್ತುವ ಹೊತ್ತಿಗೆ ಉದುರಿಸಿಬಿಡುತ್ತದೆ. ಹಾಗಾಗಿ ವರ್ಷಕ್ಕೆ ಎಷ್ಟು ಮಳೆ ಎಂಬುದರ ಜೊತೆಗೆ ಎಷ್ಟು ತಿಂಗಳು ಒಣಗಿರುತ್ತದೆ ಎಂಬ ಕಾಲಂ ಕೂಡ ನನ್ನ ಪುಸ್ತಕದಲ್ಲಿ ಬೇಕಿತ್ತು. ಈಗ ಗೆರೆ ಎಳೆದು ಸೇರಿಸಿದ್ದೇನೆ.

ತೇಗದೆಲೆ ಪುಟದಲ್ಲಿ ಹಿಡಿಸದೆ ಮಡಿಸಿ ಅಂಟಿಸಬೇಕಾಯಿತು. ಪಕ್ಕದಲ್ಲೇ ಕರಿಜಾಲಿಯ ಕಿರುಎಲೆಗಳು ಕಾಗದದ ಚೀಟಿಯೊಳಗಿವೆ. ಬರುವ ಜೂನ್‌ನಲ್ಲಿ ಆಗುಂಬೆಗೂ ಗೂಟ, ಹುರಿ ಒಯ್ಯಬೇಕು. ಅಲ್ಲಿ ನಾನು ತಲೆಯೆತ್ತಿ ಮರ ಮಾತ್ರ ನೋಡಿದ್ದೆ, ಒಂದು ಮೀಟರ್ ನೆಲವನ್ನು ಇನ್ನೂ ಎಣಿಸಿಲ್ಲ.