ರೋಮ್‌ನಲ್ಲಿ ಪ್ರವಾಸ ಮುಗಿಸುತ್ತೀರಾ? ಟರ್ಮಿನಿ ಸ್ಟೇಷನ್ ಪಕ್ಕ ರೂಮ್ ಮಾಡಬೇಡಿ

ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು ನಾನು, ಅತ್ತಿಗೆ ಯುರೋಪ್ ಸುತ್ತಿದ್ದು 23 ದಿನ. ಮೊದಲ 20 ದಿನ ನಮಗೆ ಯಾರೂ ಮೋಸ ಮಾಡಲಿಲ್ಲ. ಆ ಬಾಕಿಯೆಲ್ಲ ಕೊನೆಯ ಮೂರು ದಿನದಲ್ಲಿ ಬಡ್ಡಿ ಸಮೇತ ತೀರಿತು. ಹಾಗಾಗಿ ಪ್ರಾಗ್, ವಿಯೆನ್ನಾ ಸುದ್ದಿ ಬಿಟ್ಟು ನೇರ ರೋಮ್‌ಗೆ ಬರುತ್ತೇನೆ.

ಸ್ಲೊವೇನಿಯಾದ ರಾಜಧಾನಿ ಲ್ಯುಬ್ಲ್ಯಾನಾದಿಂದ ರೋಮ್‌ಗೆ ರಾತ್ರಿ ಬಸ್ ಹಿಡಿಯುವ ಐಡಿಯಾ ನನ್ನದೇ. ಒಂದು ರಾತ್ರಿಯ ರೂಮ್ ಬಾಡಿಗೆ ಉಳಿಯುತ್ತದಲ್ವಾ ಅಂತ ಲೆಕ್ಕ. ನಮ್ಮೂರಿನ ಸ್ಲೀಪರ್ ಬಸ್ ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಡಿ, ರಾತ್ರಿಯಿಡೀ ಕೂತೇ ಬಂದೆವು. ಬಸ್ಸಿನಲ್ಲಿ ಟಾಯ್ಲೆಟ್ ಇದೆ ಅಂದಿದ್ದರು. ಇತ್ತು, ಬೀಗ ಹಾಕಿತ್ತು. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾ ಇದ್ದರೆ ಆ ದೇಶಗಳ ನಡುವಿನ ಗಡಿಗಳಲ್ಲಿ ಯಾರೂ ಕೇಳಲ್ಲ ಅಂದುಕೊಂಡು ನಾನು ಪಾಸ್‌ಪೋರ್ಟನ್ನು ದೊಡ್ಡ ಬ್ಯಾಗಿಗೆ ಸೇರಿಸಿ ಡಿಕ್ಕಿಗೆ ಹಾಕಿದ್ದೆ. ಆದರೆ 2023ರ ಅಕ್ಟೋಬರ್‌ನಲ್ಲಿ ಇಟಲಿ ಸ್ಲೊವೇನಿಯಾ ಗಡಿಯಲ್ಲಿ ಮತ್ತೆ ತಪಾಸಣೆ ಶುರು ಮಾಡಿದೆ. ನಡುರಾತ್ರಿ ಪೊಲೀಸರು ಬಸ್ ಹತ್ತಿದರು. ಡ್ರೈವರ್ ಗೊಣಗುತ್ತಾ ಡಿಕ್ಕಿ ತೆಗೆದ. ರಸ್ತೆ ಬದಿ ಬ್ಯಾಗ್ ಬಿಚ್ಚಿದರೆ ಮೊದಲು ಕೈಗೆ ಬಂದದ್ದು ಚಟ್ನಿಪುಡಿ ಪ್ಯಾಕೆಟ್. ಅತ್ತಿಗೆಯ ಪಾಸ್‌ಪೋರ್ಟ್ ಸೊಂಟದ ಪೌಚಿನಲ್ಲೇ ಇತ್ತು. "ಹೇಳಿದ್ರೆ ಕೇಳಲ್ಲ ನೀನು" ಅಂದು ಮತ್ತೆ ನಿದ್ದೆ ಹೋದರು.

ಈ ಬಸ್ಸುಗಳು ನಿಲ್ಲುವುದು ಟಿಬುರ್ಟಿನಾ ಸ್ಟೇಷನ್ ಬಳಿ, ರೋಮ್‌ನ ಮುಖ್ಯ ರೈಲು ನಿಲ್ದಾಣವಾದ ಟರ್ಮಿನಿಯಲ್ಲಲ್ಲ. ನಾವೋ, ದೊಡ್ಡ ಸ್ಟೇಷನ್ ಹತ್ತಿರ ಇದ್ದರೆ ಅನುಕೂಲ ಅಂತ ಟರ್ಮಿನಿ ಪಕ್ಕ ರೂಮ್ ಮಾಡಿದ್ದೆವು. ರಾತ್ರಿಗೆ 92 ಯೂರೊ. ಕಿಟಕಿ ತೆರೆದರೆ ಒಂದು ಮೊಳ ದೂರದಲ್ಲಿ ಎದುರು ಕಟ್ಟಡದ ಗೋಡೆ. ಬೇಗ ಬಂದಿದ್ದಕ್ಕೆ ಬ್ಯಾಗ್ ಇಡಲು ತಲಾ 5 ಯೂರೊ. ಆಮೇಲೆ ಸಿಟಿ ಟ್ಯಾಕ್ಸ್, ಅದೂ ಕ್ಯಾಶ್‌ನಲ್ಲೇ. ಈ ತೆರಿಗೆ ನಿಜವಾಗಿಯೂ ಇದೆ. ತಲೆಗಿಷ್ಟು, ರಾತ್ರಿಗಿಷ್ಟು. ವಸತಿಯ ದರ್ಜೆ ನೋಡಿಕೊಂಡು ದರ. ಆದರೆ ಅತ್ತಿಗೆ ರಸೀದಿ ಕೇಳಿದ ತಕ್ಷಣ ಮೊತ್ತ 8 ಯೂರೊ ಇಳಿಯಿತು! ರಸೀದಿ ಕೇಳಲು ನಾಚಿಕೆ ಬೇಡ.

ಕೊಲೋಸಿಯಂ ಬಗ್ಗೆ ನನ್ನನ್ನು ಕೇಳಬೇಡಿ. ಕ್ಯೂ ನೋಡಿದೆ, ವಾಪಸ್ ಬಂದೆ. ಜನಜಂಗುಳಿ ನನಗೆ ಆಗುವುದೇ ಇಲ್ಲ.

ಹಾಗೆ ತಪ್ಪಿಸಿಕೊಂಡು ಹೋಗಿ ಸಿಕ್ಕಿದ್ದು ಟೆಸ್ಟಾಚೊ ಅನ್ನುವ ಬಡಾವಣೆ. ಮೆಟ್ರೊ ಲೈನ್ ಬಿಯಲ್ಲಿ ಪಿರಾಮಿಡೆ ಸ್ಟೇಷನ್‌ನಲ್ಲಿ ಇಳಿಯಬೇಕು. ಎದುರಿಗೇ ಎರಡು ಸಾವಿರ ವರ್ಷದ ಒಂದು ಪಿರಮಿಡ್ಡು ನಿಂತಿದೆ, ಯಾಕೋ ದಾರಿ ತಪ್ಪಿ ಬಂದ ಹಾಗೆ. ಸ್ವಲ್ಪ ನಡೆದರೆ ಒಂದು ಗುಡ್ಡ. ಅದು ಪೂರ್ತಿ ಹಳೇ ರೋಮನ್ನರು ಎಣ್ಣೆ ತುಂಬಿ ತರಿಸುತ್ತಿದ್ದ ಮಡಕೆಗಳ ಚೂರಿನ ರಾಶಿಯಂತೆ.

ಅಲ್ಲೊಂದು ಗಲ್ಲಿಯಲ್ಲಿ ಪಿಜ್ಜಾ ಅಂಗಡಿ. ಬೋರ್ಡು ಮಾಸಿ ಹೋಗಿದೆ, ಕೂರಲು ಜಾಗವಿಲ್ಲ. ದೊಡ್ಡ ತಟ್ಟೆಗಳಲ್ಲಿ ಉದ್ದುದ್ದ ಪಿಜ್ಜಾ. ನಾವು ಬೆರಳಲ್ಲಿ ಅಳತೆ ತೋರಿಸಿದರೆ ಅಂಗಡಿಯಾಕೆ ಕತ್ತರಿಯಲ್ಲಿ ಅಷ್ಟೇ ಕತ್ತರಿಸಿ, ತೂಕ ಹಾಕಿ, ಬಿಸಿ ಮಾಡಿ, ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಅತ್ತಿಗೆ ಶುದ್ಧ ಸಸ್ಯಾಹಾರಿ. ಆಲೂಗೆಡ್ಡೆ, ರೋಸ್‌ಮೇರಿ ಹಾಕಿದ ಪಿಜ್ಜಾ ಬಾಯಿಗಿಟ್ಟು, "ಇದು ನಮ್ಮ ಮಸಾಲೆದೋಸೆಯ ದೂರದ ನೆಂಟ ಕಣೇ" ಅಂದರು. ಮರುದಿನ ಅದರ ಮೇಲೆ ಚಟ್ನಿಪುಡಿ ಉದುರಿಸಿಕೊಂಡರು. ಅಂಗಡಿಯಾಕೆಯೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಕೆಮ್ಮಿ, ಇನ್ನೊಂದು ಚಿಟಿಕೆ ಕೇಳಿದರು. ಇಬ್ಬರ ಊಟಕ್ಕೆ 9 ಯೂರೊ. ಮೂರು ದಿನದಲ್ಲಿ ನಾಲ್ಕು ಸಲ ಹೋದೆವು. ಬರೀ ಟೊಮೆಟೊ ಸವರಿದ ಪಿಜ್ಜಾ ರೋಸ್ಸಾದಲ್ಲಿ ಚೀಸೂ ಇರಲ್ಲ. ಪಕ್ಕದಲ್ಲಿ ಬೋಂಡಾ ತರಹ ಕಾಣುವ ಸುಪ್ಲೀ ಇರುತ್ತದೆ. ನೋಡಿ ಆಸೆಪಡಬೇಡಿ, ಅನ್ನದ ಜೊತೆ ಸಾಮಾನ್ಯವಾಗಿ ಮಾಂಸದ ಸಾಸ್ ಸೇರಿರುತ್ತದೆ.

ಕಾಫಿ ನಮ್ಮ ದರ್ಶಿನಿಯಲ್ಲಿ ಕುಡಿದ ಹಾಗೆ ಕೌಂಟರಿನ ಮುಂದೆ ನಿಂತೇ ಕುಡಿಯಿರಿ. ಕೂತರೆ ರೇಟು ಬೇರೆ, ಅದರಲ್ಲೂ ಪ್ರವಾಸಿಗರು ಸೇರುವ ಕಡೆ. ನೀರಿನ ಬಾಟಲಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಬೀದಿಬೀದಿಯಲ್ಲಿ ನಾಸೋನೆ ಅನ್ನುವ ಕಬ್ಬಿಣದ ನಲ್ಲಿಗಳಿವೆ. ಕೆಳಗಿನ ಬಾಯಿಗೆ ಬೆರಳು ಒತ್ತಿದರೆ ಮೇಲಿನ ತೂತಿನಿಂದ ನೀರು ಚಿಮ್ಮುತ್ತದೆ.

ಹೊರಡುವ ದಿನ ಗೊತ್ತಾದ ವಿಷಯ ಇನ್ನೂ ಹೊಟ್ಟೆ ಉರಿಸಿತು. ಟರ್ಮಿನಿಯಿಂದ ಫ್ಯೂಮಿಚಿನೊ ವಿಮಾನ ನಿಲ್ದಾಣಕ್ಕೆ ನೇರ ಹೋಗುವ ಲಿಯೊನಾರ್ಡೊ ಎಕ್ಸ್‌ಪ್ರೆಸ್‌ಗೆ ತಲಾ 14 ಯೂರೊ. ಎಫ್‌ಎಲ್1 ಅನ್ನುವ ಸಾಧಾರಣ ರೈಲಿಗೆ 8. ಅದು ಟರ್ಮಿನಿಗೆ ಬರುವುದೇ ಇಲ್ಲ! ಟಿಬುರ್ಟಿನಾಗೆ ಬಂದು, ಪಿರಾಮಿಡೆಗೆ ಅಂಟಿಕೊಂಡಿರುವ ಒಸ್ಟಿಯೆನ್ಸೆ ಸ್ಟೇಷನ್ ಮೂಲಕ ಹೋಗುತ್ತದೆ. ಅಂದರೆ ಟೆಸ್ಟಾಚೊ ಕಡೆ ರೂಮ್ ಮಾಡಿದ್ದರೆ ಬಸ್ ಇಳಿದು ಒಂದೇ ಮೆಟ್ರೊ, ವಾಪಸ್ ಹೋಗಲು ಒಂದೇ ರೈಲು, ಪಿಜ್ಜಾ ಅಂಗಡಿ ಕೆಳಗೇ. ನೀವು ಹಾಗೆ ಮಾಡಿ. ಕಾಗದದ ಟಿಕೆಟ್ ತಗೊಂಡರೆ ಪ್ಲಾಟ್‌ಫಾರಂ ಬಳಿಯ ಮೆಷಿನ್ನಿನಲ್ಲಿ ಮುದ್ರೆ ಒತ್ತಿಸಲೇಬೇಕು, ಇಲ್ಲದಿದ್ದರೆ ದಂಡ. ಹಿಂದಿನ ದಿನವೇ "ಶೋಪೆರೊ" ಇದೆಯಾ ಅಂತ ವಿಚಾರಿಸಿ. ಹಾಗೆಂದರೆ ಮುಷ್ಕರ.

ನಾವೂ ಎಫ್‌ಎಲ್1ರಲ್ಲೇ ಹೋಗಿ ಇಬ್ಬರಿಗೂ ಸೇರಿ 12 ಯೂರೊ ಉಳಿಸಿದೆವು. ವಿಮಾನ ನಿಲ್ದಾಣದಲ್ಲಿ ಎರಡು ಒಣಕಲು ಸ್ಯಾಂಡ್‌ವಿಚ್ ಕೊಂಡಾಗ ಅಷ್ಟೂ ಹೋಯಿತು. ಬರುವಾಗಲೇ ಪಿಜ್ಜಾ ಕಟ್ಟಿಸಿಕೊಂಡು ಬನ್ನಿ, ಸೆಕ್ಯುರಿಟಿಯಲ್ಲಿ ಅದಕ್ಕೆ ತಕರಾರಿಲ್ಲ.