ಅಜ್ಜಿಯ ಟ್ರಂಕಿನಲ್ಲಿದ್ದ ಕಾಗದ

2016ರ ನವೆಂಬರ್ 26, ಶನಿವಾರ. ನಾನಾಗ ನಮ್ಮ ಲಾ ಕಾಲೇಜಿನಲ್ಲಿ ಐದು ವರ್ಷದ ಕೋರ್ಸಿನ ಎರಡನೇ ವರ್ಷದಲ್ಲಿದ್ದೆ. ಹಳೇ ನೋಟು ರದ್ದಾಗಿ ಎರಡೂವರೆ ವಾರ ಆಗಿತ್ತು. ಯಾರ ಕೈಯಲ್ಲೂ ಕಾಸಿರಲಿಲ್ಲ. ಹಾಗಾಗಿ ಆ ವರ್ಷದ ಸಂವಿಧಾನ ದಿನಕ್ಕೆ ಶಾಮಿಯಾನ ಬೇಡ, ಹಾರ ಶಾಲು ಬೇಡ, ಹೊರಗಿನ ಅತಿಥಿಯೂ ಬೇಡ ಅಂತ ಆಯಿತು. ಇವತ್ತು ಯೋಚಿಸಿದರೆ ಹಾಗಾಗಿದ್ದೇ ಒಳ್ಳೇದಾಯಿತು ಅನ್ನಿಸುತ್ತದೆ.

ಒಂದು ವಾರ ಮೊದಲು ಸಂವಿಧಾನ ಪಾಠ ಮಾಡುತ್ತಿದ್ದ ಮೇಷ್ಟ್ರು ಕ್ಲಾಸಿಗೆ ಬಂದು ಹೇಳಿದರು: "ಯಾರೂ ಭಾಷಣ ಬರ್ಕೊಂಡು ಬರಬೇಡಿ. ಮನೆಯಿಂದ ಒಂದು ಕಾಗದ ತನ್ನಿ. ಸಂವಿಧಾನ ಇಲ್ಲದಿದ್ದರೆ ಈ ಕಾಗದ ನಮ್ಮ ಮನೆಗೆ ಬರ್ತಿರಲಿಲ್ಲ ಅಂತ ಅನ್ನಿಸಬೇಕು, ಅಂಥದ್ದು."

ನಾನು ಸಾಗರ ಕಡೆಯವಳು. ಊರಿಗೆ ಹೋಗಿ ಅಜ್ಜಿಯನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಅಟ್ಟದ ಮೇಲಿನ ಕಬ್ಬಿಣದ ಟ್ರಂಕು ಇಳಿಸಲು ಹೇಳಿದರು. ಮದುವೆ ಸೀರೆಯ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ನಾಲ್ಕು ಮಡಿಕೆಯ ಹಾಳೆ. ಭೂ ನ್ಯಾಯಮಂಡಳಿಯ ಆದೇಶ. ಅಜ್ಜನ ಹೆಸರು, ಸರ್ವೆ ನಂಬರು, ಒಂದು ಎಕರೆ ಹನ್ನೆರಡು ಗುಂಟೆ.

ನಮ್ಮ ಕಡೆ ಇದಕ್ಕೆ 'ಡಿಕ್ಲರೇಷನ್' ಅಂತಲೇ ಹೆಸರು. ಹೊಸ ಹುಡುಗರಿಗೆ ಈ ಮಾತು ಗೊತ್ತಿಲ್ಲದಿರಬಹುದು, ಅದಕ್ಕೆ ಹೇಳುತ್ತೇನೆ. ಭೂ ಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದಿದ್ದು 1974ರ ಮಾರ್ಚ್ 1ರಂದು, ದೇವರಾಜ ಅರಸರು ಮುಖ್ಯಮಂತ್ರಿ ಆಗಿದ್ದಾಗ. ಅವತ್ತು ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವರು ಏಳನೇ ನಮೂನೆಯಲ್ಲಿ ಅರ್ಜಿ ಹಾಕಿ, ನಾನೇ ಉಳುತ್ತಿದ್ದೆ ಅಂತ ತೋರಿಸಿದರೆ ಜಮೀನು ಅವರ ಹೆಸರಿಗೆ. ಅಜ್ಜ ಓದು ಬಾರದವರು. ಅರ್ಜಿ ತುಂಬಿಕೊಟ್ಟಿದ್ದು ಪಕ್ಕದೂರಿನ ಶಾಲೆ ಮೇಷ್ಟ್ರು.

"ವಿಚಾರಣೆ ದಿನ ನಿಮ್ಮಜ್ಜನ್ನ ಕುರ್ಚಿ ಮೇಲೆ ಕೂರ್ಸಿದ್ರು ಮಗಾ," ಅಂದರು ಅಜ್ಜಿ. "ಜಮೀನಿನ ಒಡೇರ ಎದುರಿಗೆ ಕುರ್ಚಿ ಮೇಲೆ ಕೂತಿದ್ದು ಅವತ್ತೇ ಮೊದ್ಲು. ಮನೆಗೆ ಬಂದು ಅದನ್ನೇ ಹೇಳ್ತಿದ್ರು. ಜಮೀನಿನ ಸುದ್ದಿ ಆಮೇಲೆ ಹೇಳಿದ್ದು."

ಮೂಲ ಪ್ರತಿ ನನ್ನ ಕೈಗೆ ಕೊಡಲು ಅಜ್ಜಿ ಒಪ್ಪಲಿಲ್ಲ. ಸಾಗರದ ಜೆರಾಕ್ಸ್ ಅಂಗಡಿವರೆಗೆ ತಾವೇ ಬಂದರು. ಕವರನ್ನು ಸೆರಗಿನೊಳಗೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದರು. ಮಿಷನ್ನಿನ ಮುಚ್ಚಳ ಮುಚ್ಚಿದಾಗ ಒಂದು ಹೆಜ್ಜೆ ಮುಂದೆ ಬಂದು ನಿಂತರು.

ಶನಿವಾರ ಬೆಳಿಗ್ಗೆ ಎಲ್ಲರೂ ನಿಂತು ಪ್ರಸ್ತಾವನೆ ಓದಿದೆವು. ಅದರ ಕೊನೆಯಲ್ಲೇ 1949ರ ನವೆಂಬರ್ 26 ಅನ್ನುವ ದಿನಾಂಕ ಇದೆಯಲ್ಲ, ಅದನ್ನು ಜೋರಾಗಿ ಓದಿ ಅಂದರು ಮೇಷ್ಟ್ರು. ಅದರ ಹಿಂದಿನ ದಿನವೇ, ಅಂದರೆ 25ರಂದು, ಮೈಸೂರಿನ ಜಯಚಾಮರಾಜ ಒಡೆಯರು ಈ ಸಂವಿಧಾನ ನಮ್ಮ ಸಂಸ್ಥಾನಕ್ಕೂ ಅನ್ವಯಿಸುತ್ತದೆ ಅಂತ ಘೋಷಿಸಿದ್ದರು. ಸಂವಿಧಾನ ಸಭೆಗೆ ಮೈಸೂರಿನಿಂದ ಹೋದವರಲ್ಲಿ ಶಿವಮೊಗ್ಗದ ಎಸ್.ವಿ. ಕೃಷ್ಣಮೂರ್ತಿ ರಾವ್ ಇದ್ದರು, ಮುಂದೆ ರಾಜ್ಯಸಭೆಯ ಉಪಸಭಾಪತಿ ಆದವರು. ನಮ್ಮ ಜಿಲ್ಲೆಯ ವಕೀಲರೊಬ್ಬರು ಆ ಸಭೆಯಲ್ಲಿ ಕೂತಿದ್ದರು ಅನ್ನುವುದು ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ. ಶಿವಮೊಗ್ಗದ ಪ್ರತಿ ಶಾಲೆಯಲ್ಲೂ ಇದನ್ನು ಹೇಳಿಕೊಡಬೇಕು.

ಆಮೇಲೆ ಉದ್ದ ಮೇಜಿನ ಮೇಲೆ ಒಬ್ಬೊಬ್ಬರಾಗಿ ಕಾಗದ ಇಟ್ಟೆವು. ಅಮ್ಮನ ವೋಟರ್ ಐಡಿ ತಂದವರು ಜಾಸ್ತಿ. ತೀರ್ಥಹಳ್ಳಿ ಕಡೆಯ ಒಬ್ಬ ಅಪ್ಪನಿಗೆ ಹಿಂದುಳಿದವರ ಹಾಸ್ಟೆಲ್‌ನಲ್ಲಿ ಸೀಟು ಕೊಟ್ಟ ಪತ್ರ ತಂದಿದ್ದ. ನಾನು ಜೆರಾಕ್ಸ್ ಇಟ್ಟು, ಕುರ್ಚಿಯ ಮಾತು ಹೇಳಿದೆ. ಹೇಳುವಾಗ ಗಂಟಲು ಕಟ್ಟಿತು.

ಮೇಷ್ಟ್ರು ಹಾಸ್ಟೆಲ್ ಪತ್ರವನ್ನೂ ನನ್ನ ಹಾಳೆಯನ್ನೂ ಪಕ್ಕಪಕ್ಕ ಇಟ್ಟು ಹೇಳತೊಡಗಿದರು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದರು. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದಿಂದ ಶುರುವಾದ ಜಗಳ ಅದು. ರೈತ ನಾಯಕ ಗಣಪತಿಯಪ್ಪನವರು ಮುಂದೆ ನಿಂತರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅದೇ 1951ರಲ್ಲಿ ದೆಹಲಿಯಲ್ಲಿ ಸಂವಿಧಾನದ ಮೊದಲ ತಿದ್ದುಪಡಿ ಆಯಿತು. ಜಮೀನು ಸುಧಾರಣೆಯ ಕಾನೂನುಗಳಿಗೆ ರಕ್ಷಣೆ ಕೊಡುವ ಒಂಬತ್ತನೇ ಷೆಡ್ಯೂಲ್ ಬಂದಿದ್ದು ಆಗ. ಹಿಂದುಳಿದವರಿಗೆ ವಿಶೇಷ ಸೌಲಭ್ಯ ಕೊಡಬಹುದು ಅನ್ನುವ 15(4)ನೇ ವಿಧಿ ಸೇರಿದ್ದೂ ಅದೇ ತಿದ್ದುಪಡಿಯಲ್ಲಿ. "ಇವೆರಡೂ ಕಾಗದದ ಬೇರು ಒಂದೇ ಕಡೆ ಇದೆ ನೋಡಿ," ಅಂದರು. ಪರೀಕ್ಷೆಗೆ ಅಂತ ಎಷ್ಟೋ ಸಲ ಬಾಯಿಪಾಠ ಮಾಡಿದ್ದ ಆರ್ಟಿಕಲ್‌ಗಳು ನನಗೆ ಅವತ್ತು ಅರ್ಥವಾದವು.

ಕೊನೆಗೆ ಒಬ್ಬ ಹುಡುಗ ಉಳಿದ. ಹಿಂದಿನ ಬೆಂಚಿನವನು, ಮಾತು ಕಡಿಮೆ. ಎದ್ದು ನಿಂತು, "ನಮ್ಮನೇಲಿ ಕಾಗದ ಇಲ್ಲ ಸರ್," ಅಂದ. ಅವರದು ಶರಾವತಿ ಮುಳುಗಡೆ ಕುಟುಂಬ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ಅವನ ಅಜ್ಜ ಲಾರಿಯಲ್ಲಿ ಪಾತ್ರೆ, ದನ, ಮಕ್ಕಳನ್ನು ಹಾಕಿಕೊಂಡು ಬಂದು ತೋರಿಸಿದ ಜಾಗದಲ್ಲಿ ಗುಡಿಸಲು ಕಟ್ಟಿದರಂತೆ. ಕಾಡು ಕಡಿದು ಗದ್ದೆ ಮಾಡಿದರಂತೆ. ಹಕ್ಕುಪತ್ರ ಮಾತ್ರ ಬರಲಿಲ್ಲ. ಹಾಗೆ ಕಾಯುತ್ತಿರುವ ಕುಟುಂಬಗಳು ನಮ್ಮ ಜಿಲ್ಲೆಯಲ್ಲಿ ಈಗಲೂ ಎಷ್ಟೋ ಇವೆ. ಇಡೀ ನಾಡಿಗೆ ಕರೆಂಟು ಕೊಟ್ಟವರು ಅವರೇ ಅಲ್ವಾ?

ಇಡೀ ಹಾಲ್ ಸುಮ್ಮನಾಯಿತು. ಮೇಷ್ಟ್ರು ತಮ್ಮ ನೋಟ್‌ಬುಕ್ಕಿನಿಂದ ಒಂದು ಬಿಳಿ ಹಾಳೆ ಹರಿದು ಮೇಜಿನ ಮೇಲೆ ಇಟ್ಟರು. ನನ್ನ ಡಿಕ್ಲರೇಷನ್ ಕಾಗದದ ಪಕ್ಕದಲ್ಲೇ. "ಇದೂ ಇವತ್ತಿನ ಕಾರ್ಯಕ್ರಮದ್ದೇ," ಅಂದರು. ಮತ್ತೇನೂ ಹೇಳಲಿಲ್ಲ. ಮೂಲ ಸಂವಿಧಾನದಲ್ಲಿ ಆಸ್ತಿ ಮೂಲಭೂತ ಹಕ್ಕಾಗಿತ್ತು, 1978ರ 44ನೇ ತಿದ್ದುಪಡಿಯ ನಂತರ ಅದು ಮೂಲಭೂತವಲ್ಲದ, 300ಎ ವಿಧಿಯ ಅಡಿಯ ಹಕ್ಕಾಯಿತು. ನನ್ನ ಅಜ್ಜನಿಗೆ ಸಿಕ್ಕಿದ್ದು, ಅವನ ಅಜ್ಜನಿಗೆ ಸಿಗದೇ ಹೋಗಿದ್ದು, ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಈ ಪುಸ್ತಕ ಓದಬೇಕು ಅಂತ ನಾನು ಕಲಿತಿದ್ದು ಆ ಮೇಜಿನ ಮುಂದೆ.

ಮಧ್ಯಾಹ್ನ ಎಲ್ಲರಿಗೂ ಅವಲಕ್ಕಿ, ಮಜ್ಜಿಗೆ. ಹುಡುಗಿಯರೇ ಮನೆಯಿಂದ ಮಾಡಿ ತಂದಿದ್ದೆವು.

ನಾನೀಗ ವಕೀಲಿ ಮಾಡುತ್ತಿದ್ದೇನೆ. ಅಜ್ಜಿ ಮೂರು ವರ್ಷದ ಹಿಂದೆ ತೀರಿಕೊಂಡರು. ಟ್ರಂಕು ನನ್ನ ಹತ್ತಿರ ಇದೆ. ಆ ಸಹಪಾಠಿಯೂ ವಕೀಲ. ಮುಳುಗಡೆ ಊರಿನವರ ಅರ್ಜಿಗಳನ್ನು ದುಡ್ಡು ತೆಗೆದುಕೊಳ್ಳದೆ ಬರೆದುಕೊಡುತ್ತಾನೆ. ಮೇಷ್ಟ್ರು ಇಟ್ಟಿದ್ದ ಬಿಳಿ ಹಾಳೆಯನ್ನು ಅವನು ಅವತ್ತೇ ಕೇಳಿ ತೆಗೆದುಕೊಂಡಿದ್ದ. ಹೋದ ತಿಂಗಳು ಫೋನ್ ಮಾಡಿದಾಗ ಕೇಳಿದೆ. ಅವರ ಮನೆಯ ಹಕ್ಕುಪತ್ರ ಇನ್ನೂ ಬಂದಿಲ್ಲವಂತೆ. ಬಂದ ದಿನ ಮೊದಲು ಮೇಷ್ಟ್ರಿಗೆ ತೋರಿಸುತ್ತೇನೆ ಅಂದ.